ಉದ್ದೇಶವೇನೆಂದು ಮೊದಲು ಕೇಳಿ

2015ರ ಜನವರಿ 26ರಂದು ಆರ್.ಕೆ. ಲಕ್ಷ್ಮಣ್ ಪುಣೆಯಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಹುಟ್ಟಿ ಬೆಳೆದವರು, ಆರಂಭದ ದಿನಗಳಲ್ಲಿ ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೂ ಚಿತ್ರ ಬರೆದವರು. ಮುಂಬೈ ಸೇರಿದ ಮೇಲೆ ‘ಟೈಮ್ಸ್ ಆಫ್ ಇಂಡಿಯಾ’ದ ಪುಟ್ಟ ಚೌಕದೊಳಗಿಂದ ದಶಕಗಳ ಕಾಲ ಅಧಿಕಾರಸ್ಥರನ್ನು ಚುಚ್ಚಿದರು. ಮಹಾರಾಷ್ಟ್ರ ಸರ್ಕಾರ ಸರ್ಕಾರಿ ಗೌರವದೊಂದಿಗೆ ಅವರ ಅಂತ್ಯಕ್ರಿಯೆ ನಡೆಸಿತು. ದೇಶದ ದೊಡ್ಡವರೆಲ್ಲ ವ್ಯಂಗ್ಯಚಿತ್ರ ಕಲೆಯನ್ನು ಕೊಂಡಾಡಿದರು.

ಅದೇ ವಾರ, ಜನವರಿ 28ರಂದು, ಅದೇ ರಾಜ್ಯದ ಪೊಲೀಸರು ಮುಂಬೈ ಪಕ್ಕದ ಮುಂಬ್ರಾದಲ್ಲಿ ಒಬ್ಬ ಪತ್ರಿಕಾ ಸಂಪಾದಕಿಯನ್ನು ಬಂಧಿಸಿದರು. ಹೆಸರು ಶಿರೀನ್ ದಳವಿ. ಲಖನೌ ಮೂಲದ ಉರ್ದು ದಿನಪತ್ರಿಕೆ ‘ಅವಧ್‌ನಾಮಾ’ದ ಮುಂಬೈ ಆವೃತ್ತಿಗೆ ಅವರು ಸಂಪಾದಕರು. ಗಂಡಸರೇ ತುಂಬಿರುವ ಉರ್ದು ಪತ್ರಿಕೋದ್ಯಮದಲ್ಲಿ ದಿನಪತ್ರಿಕೆಯೊಂದರ ಚುಕ್ಕಾಣಿ ಹಿಡಿದ ಮುಸ್ಲಿಂ ಮಹಿಳೆ. ಅವರು ಬರೆದ ಚಿತ್ರವೊಂದೂ ಈ ಪ್ರಕರಣದಲ್ಲಿಲ್ಲ. ಜನವರಿ 7ರಂದು ಪ್ಯಾರಿಸ್ಸಿನ ‘ಶಾರ್ಲಿ ಎಬ್ಡೊ’ ಪತ್ರಿಕೆಯ ಕಚೇರಿಗೆ ನುಗ್ಗಿದ ಬಂದೂಕುಧಾರಿಗಳು 12 ಜನರನ್ನು ಕೊಂದಿದ್ದರು. ಆ ಕುರಿತ ಸುದ್ದಿಯ ಜೊತೆ ‘ಅವಧ್‌ನಾಮಾ’ ಜನವರಿ 17ರ ಸಂಚಿಕೆಯಲ್ಲಿ ಆ ಫ್ರೆಂಚ್ ಪತ್ರಿಕೆಯ ಒಂದು ಮುಖಪುಟವನ್ನು ಅಚ್ಚು ಹಾಕಿತು. ಅದರಲ್ಲಿ ಪ್ರವಾದಿಯವರ ವ್ಯಂಗ್ಯಚಿತ್ರವಿತ್ತು.

ಓದುಗರ ಸಿಟ್ಟು ಅರಿವಿಗೆ ಬಂದ ಕೂಡಲೇ ಶಿರೀನ್ ಮರುದಿನದ ಪತ್ರಿಕೆಯಲ್ಲಿ ಮುಖಪುಟದಲ್ಲೇ ಕ್ಷಮೆ ಕೇಳಿದರು. ಸಾಕಾಗಲಿಲ್ಲ. ಮುಂಬೈ, ಮುಂಬ್ರಾ, ಮಾಲೇಗಾಂವ್ ಹೀಗೆ ಬೇರೆ ಬೇರೆ ಠಾಣೆಗಳಲ್ಲಿ ದೂರುಗಳು ದಾಖಲಾದವು. ಮಾಲೀಕರು ಮುಂಬೈ ಆವೃತ್ತಿಗೆ ಬೀಗ ಹಾಕಿದರು. ಅಲ್ಲಿ ದುಡಿಯುತ್ತಿದ್ದವರ ಕೆಲಸ ಹೋಯಿತು. ಬಂಧನವಾದ ದಿನವೇ ಮುಂಬ್ರಾ ಪ್ರಕರಣದಲ್ಲಿ ಜಾಮೀನು ಸಿಕ್ಕಿತು, ಆದರೆ ಉಳಿದ ಎಫ್‌ಐಆರ್‌ಗಳು ತಲೆಯ ಮೇಲೆ ತೂಗುತ್ತಲೇ ಇದ್ದವು. ಬೆದರಿಕೆಗೆ ಅಂಜಿ ಮನೆ ಬಿಡಬೇಕಾಯಿತು. ಮಕ್ಕಳ ಜೊತೆ ಒಂದೂರಲ್ಲಿ ನೆಲೆ ನಿಲ್ಲಲಾಗದೆ, ಹೊರಗೆ ಹೋಗಬೇಕಾದಾಗ ಗುರುತು ಸಿಗಬಾರದೆಂದು, ಎಂದೂ ಬುರ್ಖಾ ತೊಡದಿದ್ದ ಹೆಣ್ಣುಮಗಳು ಬುರ್ಖಾದೊಳಗೆ ಮುಖ ಮರೆಸಿಕೊಂಡು ಓಡಾಡಿದರು.

ಅವರ ಮೇಲೆ ಹಾಕಿದ್ದು ಭಾರತೀಯ ದಂಡ ಸಂಹಿತೆಯ ಕಲಂ 295ಎ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ ಕಲಂ 299 ಆಗಿದೆ. ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಮೂರು ವರ್ಷದವರೆಗೆ ಜೈಲು ಎಂದಷ್ಟೇ ಬಹುತೇಕರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಉದ್ದೇಶಪೂರ್ವಕವಾಗಿ ಮತ್ತು ದುರುದ್ದೇಶದಿಂದ ಒಂದು ವರ್ಗದ ಜನರ ಧಾರ್ಮಿಕ ಭಾವನೆಯನ್ನು ಕೆರಳಿಸುವುದಕ್ಕಾಗಿ ಅವರ ಧರ್ಮವನ್ನು ಅವಮಾನಿಸಿದರೆ ಮಾತ್ರ ಅದು ಅಪರಾಧ. ಉದ್ದೇಶ ಇರಬೇಕು, ಆ ಉದ್ದೇಶ ಕೆಟ್ಟದ್ದಿರಬೇಕು, ಎರಡೂ ಬೇಕು. ಬೆಳಿಗ್ಗೆ ಅಚ್ಚಾದ ಚಿತ್ರಕ್ಕೆ ಮರುದಿನವೇ ಕ್ಷಮೆ ಕೇಳಿದ ಸಂಪಾದಕಿಯಲ್ಲಿ ಈ ಎರಡೂ ಎಲ್ಲಿದ್ದವು ಎಂದು ಠಾಣೆಯ ಮಟ್ಟದಲ್ಲಿ ಯಾರೂ ಕೇಳಲಿಲ್ಲ. ನಮ್ಮ ದೇಶದಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುತ್ತಿರುವುದು ಕಲಮಿನ ಅಕ್ಷರಗಳಿಂದ ಮಾತ್ರವಲ್ಲ. ಆ ಅಕ್ಷರಗಳನ್ನು ಓದದೆಯೇ ಕಲಮನ್ನು ಬಳಸುವುದರಿಂದ. ಈ ಅಂಕಣದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ಮುಂಬೈಗೆ ಈ ಜಗಳ ಹೊಸದಲ್ಲ. 1851ರಷ್ಟು ಹಿಂದೆಯೇ ಈ ನಗರ ಪತ್ರಿಕೆಯಲ್ಲಿ ಬಂದ ಒಂದು ಚಿತ್ರಕ್ಕಾಗಿ ಹೊತ್ತಿ ಉರಿದಿತ್ತು. ಬೆಹ್ರಾಮ್‌ಜಿ ಗಾಂಧಿ ಎಂಬ ಪಾರ್ಸಿ ಸಂಪಾದಕರು ‘ಚಿತ್ರ ಜ್ಞಾನ ದರ್ಪಣ’ ಎಂಬ ಗುಜರಾತಿ ಪತ್ರಿಕೆ ನಡೆಸುತ್ತಿದ್ದರು. ಅದರಲ್ಲಿ ಪ್ರವಾದಿ ಮುಹಮ್ಮದರ ಜೀವನ ಚರಿತ್ರೆ ಪ್ರಕಟಿಸಿ ಜೊತೆಗೊಂದು ಚಿತ್ರವನ್ನೂ ಹಾಕಿದರು. ಆಗಿನ ಚಿತ್ರಗಳು ಕಲ್ಲಚ್ಚಿನವು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮಸಿ ಸವರಿ ಕಾಗದ ಒತ್ತುವ ಕ್ರಮ. ಮಸಿ ಎಲ್ಲಾದರೂ ಸರಿಯಾಗಿ ಹಿಡಿಯದಿದ್ದರೆ ಅಷ್ಟು ಭಾಗ ಕೆಟ್ಟುಹೋಗುತ್ತದೆ. ಈ ಚಿತ್ರದಲ್ಲಿ ಕೆಟ್ಟದ್ದು ಒಂದು ಕಣ್ಣು. ಯಾರೋ ಆ ಹಾಳೆಯನ್ನು ಹರಿದು ಜಾಮಾ ಮಸೀದಿಯ ಗೋಡೆಗೆ ಅಂಟಿಸಿದರು. ಚಿತ್ರವಿರುವುದೇ ಸಲ್ಲದೆನ್ನುವವರ ಮುಂದೆ ಕಣ್ಣು ಕೆಟ್ಟ ಚಿತ್ರ ಬಂದು ನಿಂತಿತು. ಅಕ್ಟೋಬರ್ 17ರ ಶುಕ್ರವಾರ ನಮಾಜು ಮುಗಿಸಿ ಹೊರಬಂದ ಗುಂಪು ಪಾರ್ಸಿಗಳ ಮೇಲೆ ಬಿತ್ತು.

ಈ ಘಟನೆಯ ಒಂದೊಂದು ಕೊಂಡಿಯನ್ನೂ ಬಿಡಿಸಿ ನೋಡಬೇಕು. ಸಂಪಾದಕರ ಉದ್ದೇಶ ಮಹಾಪುರುಷರ ಪರಿಚಯ. ಕಣ್ಣು ಕೆಟ್ಟದ್ದು ಅಚ್ಚಿನ ದೋಷ. ಕಿಡಿ ಹಚ್ಚಿದ್ದು ಹಾಳೆಯನ್ನು ಗೋಡೆಗೆ ಅಂಟಿಸಿದ ಕೈ. ದುರುದ್ದೇಶ ಎಂಬುದು ಇದ್ದಿದ್ದರೆ ಅದು ಆ ಕೈಯಲ್ಲಿತ್ತು. ಪೆಟ್ಟು ತಿಂದವರೋ ಆ ಪತ್ರಿಕೆಯನ್ನು ಕಣ್ಣಿಂದಲೂ ನೋಡಿರದ ಪಾರ್ಸಿ ಅಂಗಡಿಕಾರರು. ಕಲ್ಲಚ್ಚಿನ ಜಾಗಕ್ಕೆ ಮೊಬೈಲು ಬಂದಿದೆ, ಗೋಡೆಯ ಜಾಗಕ್ಕೆ ವಾಟ್ಸ್‌ಆ್ಯಪ್ ಬಂದಿದೆ. ಬರೆದವರು ಒಬ್ಬರು, ಕೆರಳಿಸುವಂತೆ ಹಂಚಿದವರು ಇನ್ನೊಬ್ಬರು, ಅನುಭವಿಸುವವರು ಮತ್ತೊಬ್ಬರು ಎಂಬ ಕ್ರಮ ಮಾತ್ರ ಬದಲಾಗಿಲ್ಲ.

ಗಲಭೆಯ ಬೆನ್ನಿಗೇ ಒಂದು ಒಳ್ಳೆಯ ಕೆಲಸವೂ ಆಯಿತು. ಪಾರ್ಸಿಗಳ ಅಹವಾಲನ್ನು ಸರಿಯಾಗಿ ಹೇಳುವ ಪತ್ರಿಕೆ ಇಲ್ಲವೆಂದು ಕಂಡ ತರುಣ ದಾದಾಭಾಯಿ ನವರೋಜಿ ಅದೇ ವರ್ಷದ ನವೆಂಬರಿನಲ್ಲಿ ‘ರಾಸ್ತ್ ಗೋಫ್ತಾರ್’ ಆರಂಭಿಸಿದರು. ಪತ್ರಿಕೆಯಿಂದ ಎದ್ದ ಜಗಳಕ್ಕೆ ಅವರು ಕಂಡುಕೊಂಡ ಉತ್ತರ ಇನ್ನೊಂದು ಪತ್ರಿಕೆ. ಮುಂದೆ ಪಶ್ಚಿಮ ಭಾರತದ ಸಮಾಜ ಸುಧಾರಣೆಗೆ ಅದು ದನಿಯಾಯಿತು.

ಹನ್ನೊಂದು ವರ್ಷಗಳ ಬಳಿಕ ಇದೇ ನಗರದ ಸುಪ್ರೀಂ ಕೋರ್ಟಿನಲ್ಲಿ (ಬಾಂಬೆ ಹೈಕೋರ್ಟ್ ಹುಟ್ಟುವ ಮೊದಲಿನ ನ್ಯಾಯಾಲಯ ಅದು) ಧರ್ಮ ಮತ್ತು ಪತ್ರಿಕೆ ಎದುರುಬದುರಾದವು. ‘ಸತ್ಯ ಪ್ರಕಾಶ’ ಪತ್ರಿಕೆಯ ಸಂಪಾದಕ ಕರಸನದಾಸ್ ಮೂಲ್‌ಜಿ ವೈಷ್ಣವ ಹವೇಲಿಗಳ (ಮಂದಿರಗಳ) ಧರ್ಮಗುರುಗಳಾದ ಮಹಾರಾಜರು ಭಕ್ತ ಸ್ತ್ರೀಯರನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆಂದು 1860ರಲ್ಲಿ ನೇರವಾಗಿ ಬರೆದರು. ಜದುನಾಥಜಿ ಮಹಾರಾಜರು 50,000 ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡಿದರು. ಪತ್ರಿಕೆಯನ್ನು ಅಚ್ಚು ಹಾಕಿದ ಪಾರ್ಸಿ ಮುದ್ರಕ ನಾನಾಭಾಯಿ ರಾಣಿನಾ ಕೂಡ ಪ್ರತಿವಾದಿ. ಕರಸನದಾಸರ ಪರ ಸಾಕ್ಷಿ ಹೇಳಿದವರನ್ನು ಜಾತಿಯಿಂದ ಹೊರಹಾಕುವುದಾಗಿ ಭಾಟಿಯಾ ಸಮುದಾಯದ ಮುಖಂಡರು ನಿರ್ಣಯ ಮಾಡಿದರು. ಅದರ ವಿರುದ್ಧ ಕರಸನದಾಸರು ಮತ್ತೊಂದು ಮೊಕದ್ದಮೆ ಹೂಡಿ ಗೆಲ್ಲಬೇಕಾಯಿತು.

ವೈದ್ಯ ಭಾವು ದಾಜಿಯವರಂಥವರು ಧೈರ್ಯವಾಗಿ ಸಾಕ್ಷಿಕಟ್ಟೆ ಹತ್ತಿದರು. 1862ರ ಏಪ್ರಿಲ್ 22ರ ತೀರ್ಪು ಕರಸನದಾಸರನ್ನು ಎತ್ತಿಹಿಡಿಯಿತು. ನೀತಿಯ ದೃಷ್ಟಿಯಲ್ಲಿ ತಪ್ಪಾಗಿರುವುದು ಧರ್ಮದ ಹೆಸರಿನಲ್ಲಿ ಸರಿಯಾಗಲಾರದು ಎಂಬುದೇ ಕರಸನದಾಸರ ವಾದದ ಸಾರ ಎಂದು ನ್ಯಾಯಮೂರ್ತಿ ಜೋಸೆಫ್ ಆರ್ನಾಲ್ಡ್ ಗುರುತಿಸಿದರು. ಭಕ್ತರ ಭಾವನೆಗೆ ಆಗ ಧಕ್ಕೆಯಾಗಲಿಲ್ಲವೇ? ಖಂಡಿತ ಆಯಿತು. ಆದರೆ ಆ ಬರಹ ಇಲ್ಲದಿದ್ದರೆ ನೊಂದ ಹೆಂಗಸರ ಪಾಡನ್ನು ಕೇಳುವವರಿರಲಿಲ್ಲ. ಭಾವನೆಯೊಂದೇ ಅಳತೆಗೋಲಾದರೆ ಮೊದಲು ಬಾಯಿ ಮುಚ್ಚಿಸಿಕೊಳ್ಳುವವರು ಧರ್ಮದ ಒಳಗಿನ ಸುಧಾರಕರು. ಈ ಕಥೆಯನ್ನಾಧರಿಸಿದ ‘ಮಹಾರಾಜ್’ ಚಲನಚಿತ್ರಕ್ಕೆ 2024ರ ಜೂನ್‌ನಲ್ಲಿ ಗುಜರಾತ್ ಹೈಕೋರ್ಟ್ ಮೊದಲು ತಡೆಯಾಜ್ಞೆ ನೀಡಿತು. ಬಳಿಕ ನ್ಯಾಯಮೂರ್ತಿಗಳು ಚಿತ್ರವನ್ನು ನೋಡಿ, ಆಕ್ಷೇಪಾರ್ಹವಾದುದೇನೂ ಇಲ್ಲವೆಂದು ತಡೆ ತೆರವುಗೊಳಿಸಿದರು. ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ. ಅದು ತಡೆಯಾಜ್ಞೆಗೆ ಮೊದಲೇ ಆಗಬೇಕಿತ್ತು.

1874ರಲ್ಲಿ ಮುಂಬೈ ಇನ್ನೊಂದು ಪಾಠ ಕಲಿಯಿತು, ಅದು ಕೆಟ್ಟ ಪಾಠ. ವಾಷಿಂಗ್ಟನ್ ಅರ್ವಿಂಗ್ ಬರೆದ ಪ್ರವಾದಿಯವರ ಜೀವನ ಚರಿತ್ರೆಯನ್ನು ರುಸ್ತಮ್‌ಜಿ ಜಾಲ್‌ಭಾಯಿ ಗುಜರಾತಿಗೆ ತಂದಿದ್ದರು. ದೂರು ಬಂದಾಗ ಪೊಲೀಸ್ ಕಮಿಷನರ್ ಫ್ರಾಂಕ್ ಸೂಟರ್ ಪುಸ್ತಕವನ್ನು ಹಿಂತೆಗೆಸಿದರು. ಆದರೂ ಫೆಬ್ರವರಿ 13ರಂದು ಗಲಭೆ ಸಿಡಿಯಿತು. ಪುಸ್ತಕ ಮಾರುಕಟ್ಟೆಯಿಂದ ಮಾಯವಾದ ಮೇಲೂ ಪಾರ್ಸಿ ಮನೆಗಳ ಮೇಲೆ ದಾಳಿ ನಡೆಯಿತು. ಪುಸ್ತಕವನ್ನು ಒಪ್ಪಿಸಿದರೆ ಶಾಂತಿ ಸಿಗುತ್ತದೆಂಬ ಲೆಕ್ಕ ಅಂದೇ ತಪ್ಪಿತ್ತು. ಆದರೆ ಆಡಳಿತಗಳು ಇಂದಿಗೂ ಅದೇ ಲೆಕ್ಕ ಹಾಕುತ್ತಿವೆ. ಇದೇ ಮುಂಬೈಯಲ್ಲಿ ಹುಟ್ಟಿದ ಸಲ್ಮಾನ್ ರಶ್ದಿಯ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಆಮದನ್ನು ಭಾರತ ಸರ್ಕಾರ 1988ರ ಅಕ್ಟೋಬರಿನಲ್ಲೇ ನಿಷೇಧಿಸಿತ್ತು. ನಾಲ್ಕು ತಿಂಗಳ ಬಳಿಕ, 1989ರ ಫೆಬ್ರವರಿ 24ರಂದು, ಮೊಹಮ್ಮದ್ ಅಲಿ ರಸ್ತೆಯ ಆಸುಪಾಸಿನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ಗೋಲಿಬಾರ್‌ನಲ್ಲಿ 12 ಜನ ಸತ್ತರು. ಪುಸ್ತಕ ದೇಶದೊಳಗೆ ಇರಲೇ ಇಲ್ಲ; ಹೆಣಗಳು ಮಾತ್ರ ಬಿದ್ದವು.

ಇನ್ನು 295ಎ ಹುಟ್ಟಿದ ಬಗೆ. 1924ರಲ್ಲಿ ಲಾಹೋರಿನಲ್ಲಿ ‘ರಂಗೀಲಾ ರಸೂಲ್’ ಎಂಬ ಪುಸ್ತಿಕೆ ಪ್ರಕಟವಾಯಿತು. ಪ್ರವಾದಿಯವರ ಖಾಸಗಿ ಬದುಕನ್ನು ಹೀಯಾಳಿಸುವ ಬರಹ ಅದು. ಪ್ರಕಾಶಕ ರಾಜ್‌ಪಾಲ್ ಮೇಲೆ ಕಲಂ 153ಎ ಅಡಿ ಮೊಕದ್ದಮೆ ನಡೆದು, 1927ರಲ್ಲಿ ಲಾಹೋರ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದನ್ನು ತಡೆಯುವ ಕಲಮು ಧರ್ಮಗುರುವೊಬ್ಬರ ಮೇಲಿನ ಟೀಕೆಗೆ ಅನ್ವಯವಾಗದು ಎಂಬುದು ನ್ಯಾಯಾಲಯದ ನಿಲುವು. ದೇಶದಲ್ಲಿ ಕೋಲಾಹಲವೆದ್ದಾಗ ಸರ್ಕಾರ ಅದೇ ವರ್ಷ ಹೊಸ ಕಲಮನ್ನು ತಂದಿತು. ಅದರಿಂದಲೂ ರಾಜ್‌ಪಾಲ್ ಜೀವ ಉಳಿಯಲಿಲ್ಲ. 1929ರ ಏಪ್ರಿಲ್‌ನಲ್ಲಿ ಅವರನ್ನು ಇರಿದು ಕೊಂದರು.

ಮಸೂದೆ ಶಾಸನ ಸಭೆಯ ಮುಂದೆ ಬಂದಾಗ ಬಾಂಬೆಯ ಪ್ರತಿನಿಧಿಯಾಗಿ ಅಲ್ಲಿದ್ದವರು ಮುಹಮ್ಮದ್ ಅಲಿ ಜಿನ್ನಾ. ಅವರು ಮಸೂದೆಯನ್ನು ಬೆಂಬಲಿಸಿದರು. ಆದರೆ ಇತಿಹಾಸದ ಶೋಧನೆ ಮಾಡುವವರಿಗೆ, ಸತ್ಯವನ್ನು ಹುಡುಕುವವರಿಗೆ, ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೆ ಈ ಕಾನೂನಿನಿಂದ ರಕ್ಷಣೆ ಇರಲೇಬೇಕೆಂದು ಒತ್ತಿ ಹೇಳಿದರು. ಕಲಮಿನಲ್ಲಿರುವ ದುರುದ್ದೇಶದ ಷರತ್ತಿನ ಹಿಂದೆ ಇಂಥ ಆತಂಕವಿದೆ. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟ್ 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಅಜಾಗರೂಕತೆಯಿಂದಲೋ, ದುರುದ್ದೇಶವಿಲ್ಲದೆಯೋ ಆದ ಅವಮಾನ ಇದರ ವ್ಯಾಪ್ತಿಗೆ ಬರುವುದಿಲ್ಲ, ಅತಿರೇಕದ ಸ್ವರೂಪವಷ್ಟೇ ಶಿಕ್ಷಾರ್ಹ ಎಂದು ಅದೇ ತೀರ್ಪು ಸ್ಪಷ್ಟಪಡಿಸಿತು.

ಅರವತ್ತು ವರ್ಷಗಳ ಬಳಿಕ ಅದನ್ನೇ ಮತ್ತೊಮ್ಮೆ ಹೇಳಬೇಕಾಗಿ ಬಂತು. 2013ರ ಏಪ್ರಿಲ್‌ನಲ್ಲಿ ‘ಬಿಸಿನೆಸ್ ಟುಡೇ’ ಮುಖಪುಟದಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯನ್ನು ವಿಷ್ಣುವಿನಂತೆ ಚಿತ್ರಿಸಿ, ಹಲವು ಕೈಗಳಲ್ಲಿ ಅವರು ಜಾಹೀರಾತು ಮಾಡುವ ಸರಕುಗಳನ್ನು ಇಡಲಾಗಿತ್ತು. ಬೆಂಗಳೂರಿನಲ್ಲಿ ದೂರು ದಾಖಲಾಯಿತು, ಆಂಧ್ರದ ಅನಂತಪುರದಲ್ಲಿ ಇನ್ನೊಂದು. ಕರ್ನಾಟಕ ಹೈಕೋರ್ಟ್ ಪ್ರಕರಣ ರದ್ದುಪಡಿಸಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 2016ರಲ್ಲಿ ಬೆಂಗಳೂರಿನ ಪ್ರಕರಣವನ್ನೂ 2017ರಲ್ಲಿ ಅನಂತಪುರದ್ದನ್ನೂ ರದ್ದುಪಡಿಸಿತು. ಧೋನಿಗೆ ದೊಡ್ಡ ವಕೀಲರನ್ನು ಹಿಡಿದು ದೆಹಲಿಗೆ ಹೋಗುವ ಶಕ್ತಿಯಿತ್ತು. ಮುಂಬ್ರಾದಲ್ಲಿ ಕೆಲಸ ಕಳೆದುಕೊಂಡ ಸಂಪಾದಕಿಗೆ, ತಾಲ್ಲೂಕು ಮಟ್ಟದ ವಾರಪತ್ರಿಕೆಯ ಮಾಲೀಕನಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ತೊಂದರೆ ಇರುವುದು ಇಲ್ಲೇ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಎಫ್‌ಐಆರ್ ದಾಖಲಿಸಿ ಬಂಧಿಸುವುದಕ್ಕೆ ಅಂಥ ಅನುಮತಿಯ ಅಗತ್ಯವಿಲ್ಲ. ಉದ್ದೇಶವನ್ನು ಪರಿಶೀಲಿಸುವ ಹಂತ ವರ್ಷಗಳ ನಂತರ ಬರುತ್ತದೆ. ಲಾಕಪ್ಪು ಮೊದಲ ದಿನವೇ ಬರುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ಆಗಕೂಡದು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಜುಲೈನಲ್ಲಿ. ಶಿರೀನ್ ಬಂಧನವಾದದ್ದು ಅದಾಗಿ ಏಳು ತಿಂಗಳೂ ತುಂಬುವ ಮುನ್ನ.

ಮುಂಬೈಯ ಸಿನಿಮಾ ಫಲಕಗಳಿಗೆ ಬಣ್ಣ ಬಳಿಯುತ್ತ ಬೆಳೆದ ಎಂ.ಎಫ್. ಹುಸೇನರ ಮೇಲೆ ಅವರ ದೇವತಾ ಚಿತ್ರಗಳಿಗಾಗಿ ಊರೂರಲ್ಲಿ ಮೊಕದ್ದಮೆ ಬಿದ್ದವು. 1998ರಲ್ಲಿ ಅವರ ಮುಂಬೈ ಮನೆಯ ಮೇಲೆ ದಾಳಿಯೂ ಆಯಿತು. 2008ರಲ್ಲಿ ದೆಹಲಿ ಹೈಕೋರ್ಟ್ ಅವರ ಪರವಾಗಿ ತೀರ್ಪಿತ್ತರೂ, ಅಷ್ಟರಲ್ಲಿ ದೇಶ ಬಿಟ್ಟಿದ್ದ ಅವರು ಮರಳಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಭಾವನೆಗೆ ಧಕ್ಕೆ ಎಂಬ ದೂರು ಒಂದು ಧರ್ಮದ ಸೊತ್ತಲ್ಲ, ಒಂದು ಪಕ್ಷದ ಸೊತ್ತೂ ಅಲ್ಲ. ಬಾಳ ಠಾಕ್ರೆ ಸ್ವತಃ ವ್ಯಂಗ್ಯಚಿತ್ರಕಾರರು. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಲಕ್ಷ್ಮಣ್ ಜೊತೆ ಕೆಲಸ ಮಾಡಿದವರು, 1960ರಲ್ಲಿ ‘ಮಾರ್ಮಿಕ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಕಟ್ಟಿ ಅದರ ಬಲದಿಂದಲೇ ಮುಂದೆ ಶಿವಸೇನೆಯನ್ನು ಬೆಳೆಸಿದವರು. 2012ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಮುಂಬೈ ಸ್ತಬ್ಧವಾದುದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು, ಗೆಳತಿ ಅದನ್ನು ಮೆಚ್ಚಿದಳು. ಇಬ್ಬರೂ ಬಂಧಿತರಾದರು. ಪೊಲೀಸರು ಮೊದಲು ಹಾಕಿದ ಕಲಂ ಇದೇ 295ಎ! ಆ ನಾಲ್ಕು ಸಾಲಿನಲ್ಲಿ ಧರ್ಮದ ಸುದ್ದಿಯೇ ಇರಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂಬಂತೆ ಆಕೆಯ ಚಿಕ್ಕಪ್ಪನ ಆಸ್ಪತ್ರೆಯನ್ನು ಧ್ವಂಸ ಮಾಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತು, ಸಂವಿಧಾನ, ರಾಷ್ಟ್ರಲಾಂಛನಗಳನ್ನು ಬಳಸಿ ಭ್ರಷ್ಟಾಚಾರದ ವಿರುದ್ಧ ಚಿತ್ರ ಬರೆದ ಅಸೀಮ್ ತ್ರಿವೇದಿಯನ್ನು ಮುಂಬೈ ಪೊಲೀಸರು ರಾಜದ್ರೋಹದ ಮೇಲೆ ಹಿಡಿದಿದ್ದರು.

2016ರ ಸೆಪ್ಟೆಂಬರಿನಲ್ಲಿ ಸರದಿ ಶಿವಸೇನೆಯ ಮುಖವಾಣಿ ‘ಸಾಮನಾ’ದ್ದು. ಮರಾಠಾ ಸಮುದಾಯದ ಮೌನ ಮೆರವಣಿಗೆಗಳನ್ನು ಲೇವಡಿ ಮಾಡಿದ ವ್ಯಂಗ್ಯಚಿತ್ರ ಅದರಲ್ಲಿ ಬಂತು. ನವಿ ಮುಂಬೈಯ ಕಚೇರಿಯ ಮೇಲೆ ಕಲ್ಲು ಬಿತ್ತು. ಉದ್ಧವ್ ಠಾಕ್ರೆ ಕ್ಷಮೆ ಯಾಚಿಸಿದರು. ಅದಕ್ಕೂ ಹಿಂದಿನ ವರ್ಷ, 2015ರ ನವೆಂಬರಿನಲ್ಲಿ, ಭಯೋತ್ಪಾದಕ ಸಂಘಟನೆಯ ಹಣದ ಮೂಲದ ಬಗ್ಗೆ ‘ಲೋಕಮತ್’ ಪ್ರಕಟಿಸಿದ ಲೇಖನದ ಚಿತ್ರದಲ್ಲಿ ಹಂದಿಯಾಕಾರದ ಹಣದ ಹುಂಡಿಯ ಮೇಲೆ ಮುಸ್ಲಿಮರಿಗೆ ಪವಿತ್ರವಾದ ಮುದ್ರೆ ಕಾಣಿಸಿತು. ಜಳಗಾಂವ್, ಧುಳೆ, ಮಾಲೇಗಾಂವ್‌ಗಳಲ್ಲಿ ಪತ್ರಿಕೆಯ ಕಚೇರಿಗಳ ಮೇಲೆ ದಾಳಿಗಳಾದವು. ಇಂದು ಕಲ್ಲೆಸೆದವರು ನಾಳೆ ಕಲ್ಲು ತಿನ್ನುವವರ ಸಾಲಿನಲ್ಲಿ ಇರುತ್ತಾರೆ. ಈ ಸರಣಿಯಲ್ಲಿ ಗೆದ್ದವರು ಯಾರೂ ಇಲ್ಲ.

ಕರ್ನಾಟಕದಲ್ಲಿ ಕುಳಿತು ನಾವು ಬೀಗುವಂತಿಲ್ಲ. 1986ರ ಡಿಸೆಂಬರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಮಲಯಾಳಂ ಕಥೆಯೊಂದರ ಇಂಗ್ಲಿಷ್ ಅನುವಾದ ಪ್ರಕಟಿಸಿತು. ಶೀರ್ಷಿಕೆಯಲ್ಲಿ ಪ್ರವಾದಿಯವರ ಹೆಸರೇ ಇದ್ದರೂ ಅದು ಕಥೆಯ ಪಾತ್ರದ್ದು. ಪ್ರವಾದಿಯವರ ಬಗ್ಗೆ ಬರೆದ ಕಥೆ ಅದಲ್ಲ. ಆದರೆ ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. 2010ರಲ್ಲಿ ‘ಕನ್ನಡಪ್ರಭ’ ತಸ್ಲೀಮಾ ನಸ್ರೀನ್ ಅವರ ಬುರ್ಖಾ ಕುರಿತ ಬರಹವನ್ನು ಅನುವಾದಿಸಿ ಹಾಕಿದಾಗ ಶಿವಮೊಗ್ಗ, ಹಾಸನಗಳಲ್ಲಿ ಹಿಂಸೆ ನಡೆದು ಇಬ್ಬರು ಸತ್ತರು. ತಾನು ಆ ಪತ್ರಿಕೆಗೆ ಏನನ್ನೂ ಬರೆದುಕೊಟ್ಟಿರಲಿಲ್ಲವೆಂದು ತಸ್ಲೀಮಾ ಹೇಳಿದರು. ಎರಡೂ ಸಲ ಬರಹವನ್ನು ಪೂರ್ತಿ ಓದಿ ಬೀದಿಗಿಳಿದವರು ಎಷ್ಟು ಮಂದಿ ಇದ್ದಿರಬಹುದು?

ಇಷ್ಟು ಹೇಳಿದ ಮೇಲೆ, ನೊಂದವರ ಪಕ್ಷದಲ್ಲಿ ನಿಂತೂ ನೋಡಬೇಕು. 1992-93ರ ಗಲಭೆಯ ನಂತರ ಮುಂಬೈಯ ಎಷ್ಟೋ ಮುಸ್ಲಿಂ ಕುಟುಂಬಗಳು ಜೀವಭಯದಿಂದ ಬಂದು ನೆಲೆಸಿದ ಊರು ಮುಂಬ್ರಾ. ಮನೆ ಬಾಡಿಗೆಗೆ ಸಿಗದ, ಹೆಸರು ಕೇಳಿ ಅನುಮಾನಿಸಲ್ಪಡುವ ಜನರಿಗೆ ತಮ್ಮ ಪ್ರವಾದಿಯ ಮೇಲಿನ ಗೌರವವೊಂದೇ ಉಳಿದ ಮಾನವೆನಿಸಿದರೆ ಅದನ್ನು ಅರ್ಥ ಮಾಡಿಕೊಳ್ಳಬೇಕು. ಪ್ಯಾರಿಸ್ಸಿನ ಪತ್ರಿಕೆಯ ಚಿತ್ರವನ್ನು ಮುಂಬ್ರಾದ ಮನೆಬಾಗಿಲಿಗೆ ತಲುಪಿಸುವಾಗ ಸಂಪಾದಕರು ಎರಡು ಸಲ ಯೋಚಿಸಬೇಕು ಎಂಬ ಮಾತು ಸರಿ. ಕುಂದಾಪುರದ ಸತೀಶ್ ಆಚಾರ್ಯ ಮುಂಬೈಯ ‘ಮಿಡ್ ಡೇ’ಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದವರು. ಶಾರ್ಲಿ ಎಬ್ಡೊ ಹತ್ಯಾಕಾಂಡವನ್ನು ಖಂಡಿಸಿ ಅವರು ಬರೆದ ಚಿತ್ರ ಜಗತ್ತಿನ ಪತ್ರಿಕೆಗಳ ಗಮನ ಸೆಳೆಯಿತು. ಕೊಲೆಗಡುಕರನ್ನು ಖಂಡಿಸಲು ಅವರು ಯಾರ ದೇವರನ್ನೂ ಮುಟ್ಟಲಿಲ್ಲ. ಅದು ಅವರ ಆಯ್ಕೆ, ಒಳ್ಳೆಯ ಆಯ್ಕೆ. ಆದರೆ ವಿವೇಕ ಕಲಾವಿದನ ಒಳಗಿಂದ ಬರಬೇಕು. ಲಾಠಿ ಹಿಡಿದು ಅದನ್ನು ಕಲಿಸಲಾಗದು. ಅಭಿರುಚಿಯ ತಪ್ಪಿಗೆ ಓದುಗರ ಟೀಕೆಯೇ ಶಿಕ್ಷೆ, ಜೈಲಲ್ಲ.

ಹಾಗಾದರೆ ಕಾನೂನು ಯಾರನ್ನು ಹಿಡಿಯಬೇಕು? ಹಿಂಸೆಗೆ ಕರೆ ಕೊಡುವವರನ್ನು. ಅದೇ 1992-93ರಲ್ಲಿ ಮುಂಬೈ ಉರಿಯುತ್ತಿದ್ದಾಗ ‘ಸಾಮನಾ’ ಪ್ರಕಟಿಸಿದ ಬರಹಗಳು ಉದ್ರೇಕಕಾರಿಯಾಗಿದ್ದವೆಂದು ನ್ಯಾಯಮೂರ್ತಿ ಶ್ರೀಕೃಷ್ಣ ಆಯೋಗ ಗುರುತಿಸಿದೆ. ಅವುಗಳ ಮೇಲೆ ಮೊಕದ್ದಮೆ ಹೂಡುವಂತೆ ಸರ್ಕಾರಕ್ಕೆ ಆದೇಶಿಸಬೇಕೆಂದು ರಾಜ್ಯದ ನಿವೃತ್ತ ಮುಖ್ಯ ಕಾರ್ಯದರ್ಶಿ ಜೆ.ಬಿ. ಡಿಸೋಜಾ ಹೈಕೋರ್ಟಿಗೆ ಹೋದರು. 1994ರಲ್ಲಿ ಬಾಂಬೆ ಹೈಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ಎತ್ತಿಕೊಳ್ಳಲಿಲ್ಲ. ಆ ಗಲಭೆಗಳಲ್ಲಿ ಸತ್ತವರು ಸುಮಾರು 900 ಜನ. ಊರು ಉರಿಯುವಾಗ ಬರೆದವರ ಮೇಲೆ ಕಲಂ ಎದ್ದು ನಿಲ್ಲಲಿಲ್ಲ. ಮರುದಿನವೇ ಕ್ಷಮೆ ಕೇಳಿದ ಹೆಣ್ಣುಮಗಳ ಮೇಲೆ ಎದ್ದು ನಿಂತಿತು. ಒಂದೇ ನಗರ ಪ್ರದೇಶದಲ್ಲಿ ನಡೆದ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾನೂನು ಅಳೆಯುತ್ತಿರುವುದು ಬರೆದವರ ಉದ್ದೇಶವನ್ನಲ್ಲ, ಬಲವನ್ನು ಎಂಬುದು ಅರಿವಾಗುತ್ತದೆ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಪಾಲಿಸಿದರೆ ಸಾಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(3) ಪ್ರಕಾರ, ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, ಎಫ್‌ಐಆರ್‌ಗೆ ಮೊದಲು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಬಹುದು. ಮಾತು-ಬರಹಗಳ ಪ್ರಕರಣಗಳಲ್ಲಿ ಈ ದಾರಿಯನ್ನೇ ಹಿಡಿಯಬೇಕೆಂದು 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾತಿನ ಪರಿಣಾಮವನ್ನು ಅಳೆಯುವಾಗ ಗಟ್ಟಿ ಮನಸ್ಸಿನ, ವಿವೇಕವಂತ ಮನುಷ್ಯನನ್ನು ಎದುರಿಗಿಟ್ಟುಕೊಳ್ಳಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸನ್ನಲ್ಲ ಎಂಬ ಹಳೆಯ ನಾಗಪುರ ಹೈಕೋರ್ಟಿನ ಅಳತೆಗೋಲನ್ನೂ ಅದು ಮತ್ತೆ ನೆನಪಿಸಿದೆ. ಒಂದೇ ಬರಹಕ್ಕೆ ಹತ್ತು ಊರಲ್ಲಿ ಹತ್ತು ಎಫ್‌ಐಆರ್ ಹಾಕುವಂತಿಲ್ಲ ಎಂಬುದೂ ಇತ್ಯರ್ಥವಾದ ಮಾತು. ಈ ಮೂರು ಮಾತುಗಳನ್ನು ಪ್ರತಿ ಠಾಣೆಯ ಗೋಡೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿ ಹಾಕಲಿ. ದೂರು ಬಂದ ದಿನ ಠಾಣಾಧಿಕಾರಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬರೆದವರ ಉದ್ದೇಶವೇನು? ಅದಕ್ಕೆ ಉತ್ತರ ಸಿಗುವವರೆಗೆ ಅವರನ್ನು ರಕ್ಷಿಸುವುದು ಪೊಲೀಸರ ಕರ್ತವ್ಯ.

ಓದುಗರಲ್ಲೂ ಒಂದು ಬೇಡಿಕೆ. ನಿಮ್ಮ ಮನಸ್ಸಿಗೆ ನೋವಾಗುವ ಚಿತ್ರವನ್ನೋ ಬರಹವನ್ನೋ ಯಾರಾದರೂ ನಿಮ್ಮ ಮೊಬೈಲಿಗೆ ಕಳಿಸಿದರೆ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಮೂಲವನ್ನು ಪೂರ್ತಿ ಓದಿ. ಆಮೇಲೂ ಸಿಟ್ಟು ಉಳಿದರೆ ಸಂಪಾದಕರಿಗೆ ಪತ್ರ ಬರೆಯಿರಿ, ಪತ್ರಿಕೆ ನಿಲ್ಲಿಸಿ, ಸಭೆ ಕರೆದು ಖಂಡಿಸಿ. ಇವೆಲ್ಲ ನಿಮ್ಮ ಹಕ್ಕು. ಆದರೆ ಠಾಣೆಯ ಮೆಟ್ಟಿಲು ಹತ್ತಿ ಒಬ್ಬ ಬರಹಗಾರ್ತಿಯನ್ನು ಮನೆಯಿಂದ ಹೊರದಬ್ಬುವ ದೂರಿಗೆ ಸಹಿ ಹಾಕಬೇಡಿ.